ಹಡಗಿಗೆ ಬೆನ್ನು ಹಾಕಿ

ನವೆಂಬರ್ 3

ಬಂದ! ಅಂದರೆ ಪೂರ್ತಿ ಬಂದಿಲ್ಲ. ಆದರೆ ಬಂದ!

ಬೆಳಿಗ್ಗೆ ತಾರಸಿಯಲ್ಲಿ ಒಗೆದ ಪರದೆಗಳನ್ನು ಹರವುತ್ತಿದ್ದೆ. ನಿನ್ನೆಯವರೆಗೆ ಖಾಲಿಯಿದ್ದ ಸಮುದ್ರದ ಅಂಚಿನಲ್ಲಿ ಒಂದು ಬೆಂಕಿಪೊಟ್ಟಣ ನಿಂತಿತ್ತು. ಕೆಂಪು ಹೊಟ್ಟೆ, ಬಿಳಿ ತಲೆ. ಅಷ್ಟರಲ್ಲಿ ಫೋನು. "ತಾರಸಿಗೆ ಹೋಗಿ ನೋಡೇ," ಎಂದ. "ಅಲ್ಲೇ ಇದೀನಿ ಕಣೋ!" ಎಂದು ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಪಾರಿವಾಳಗಳೆಲ್ಲ ಪುರ್ರೆಂದು ಎದ್ದವು.

ಮದುವೆಯಾದ ಮೂರೇ ವಾರಕ್ಕೆ ಹಡಗು ಹತ್ತಿದ ಎಂಜಿನಿಯರ್ ಗಂಡ. ಲೋಕದಲ್ಲಿ ಅಷ್ಟೊಂದು ಬಂದರುಗಳಿರುವಾಗ ಅವನ ಹಡಗು ಅವನು ಹುಟ್ಟಿ ಬೆಳೆದ ಊರಿಗೇ, ಈಗ ನಾನಿರುವ ಊರಿಗೇ ಬರಬೇಕೆ! ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಹಡಗು ಕಟ್ಟುವ ಧಕ್ಕೆಯಲ್ಲಿ ಜಾಗವಿಲ್ಲವಂತೆ. ಸರದಿ ಬರುವವರೆಗೆ ದೂರದಲ್ಲೇ ಲಂಗರು ಹಾಕಿ ಕಾಯಬೇಕು. ಅಲ್ಲಿಯವರೆಗೆ ಯಾರೂ ಇಳಿಯುವಂತಿಲ್ಲ, ಯಾರೂ ಹತ್ತುವಂತಿಲ್ಲ.

"ಎಷ್ಟು ದಿನ ಕಣೋ?"

"ನಾಳೆನೂ ಆಗಬಹುದು, ತಿಂಗಳೂ ಆಗಬಹುದು."

ಕೆಳಗೆ ಓಡಿ ಅತ್ತೆಗೆ ಹೇಳಿದೆ. (ಅವರೆದುರು "ಅವರು ಬಂದಿದಾರೆ" ಎಂದೆ. ಫೋನಿನಲ್ಲಿ "ಕಣೋ" ಅನ್ನುವುದು ಅವರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು.) ಅತ್ತೆ ಹೊಲಿಗೆ ಮಷೀನಿನಿಂದ ತಲೆಯೆತ್ತದೆ, "ಸರಿ ನೋಡಮ್ಮ. ಊಟ ಸರಿಯಾಗಿ ಮಾಡ್ತಿದಾನಂತಾ?" ಎಂದರು. ಅಷ್ಟೇ! ಮನೆಯ ಕೆಳಗೆ ಅವರ ಪರದೆ ಅಂಗಡಿ, ಮೇಲೆ ನಾವಿಬ್ಬರು. ಅವರ ಮಾತೂ ಟೇಪು ಹಿಡಿದು ಅಳೆದು ಕತ್ತರಿಸಿದ್ದು. ನನ್ನದು ಬಿಚ್ಚಿಕೊಂಡೇ ಹೋಗುವ ಬಟ್ಟೆಯ ಥಾನು.

ಒಂದು ನಿರ್ಧಾರ ಮಾಡಿದೆ. ದಡದಿಂದ ಸ್ವಲ್ಪ ದೂರದಲ್ಲಿ, ಸರಪಳಿಗೆ ಕಟ್ಟಿದ ಒಂದು ಹಳದಿ ಪೀಪಾಯಿ ತೇಲುತ್ತಿರುತ್ತದೆ. ಅದನ್ನು ಮುಟ್ಟಿ ಬಂದವರು ಮಾತ್ರ ಈ ಊರಿನವರು ಎಂದು ಚಿಕ್ಕವನಿದ್ದಾಗ ಅವನೂ ಅವನ ಗೆಳೆಯರೂ ಲೆಕ್ಕ ಹಾಕುತ್ತಿದ್ದರಂತೆ. ಅವನು ದಡ ಮುಟ್ಟುವ ಮೊದಲು ನಾನು ಪೀಪಾಯಿ ಮುಟ್ಟುತ್ತೇನೆ. ಅಷ್ಟಾದರೂ ಅವನಿಗೆ ಹತ್ತಿರವಾದ ಹಾಗಾಯಿತಲ್ಲ. ಶಾಲೆಯಲ್ಲಿ ಈಜಿಗೆ ಕಪ್ ಗೆದ್ದವಳು ನಾನು!

(ಈ ಡೈರಿಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಶಾಲೆಯ ಟೀಚರು ಕೆಂಪು ಪೆನ್ನು ಹಿಡಿದು ಬೆನ್ನ ಹಿಂದೆ ನಿಂತಂತಾಗುತ್ತದೆ. ಮುದ್ದು ಬರುವುದಿಲ್ಲ.)

ನವೆಂಬರ್ 5

ಈಜಿನ ಕಪ್ಪಿನ ಮಾತು ಬೇಡ.

ಹೊಸ ನೀಲಿ ಈಜುಡುಪು ಹಾಕಿಕೊಂಡು, ಮೇಲೆ ಉದ್ದನೆಯ ಅಂಗಿ ಏರಿಸಿಕೊಂಡು, ಮಹಾರಾಣಿಯ ಹಾಗೆ ಮರಳಿಗೆ ಇಳಿದೆ. ಮೊದಲ ಅಲೆ ಮೊಣಕಾಲಿಗೆ ಬಡಿಯಿತು. ಎರಡನೆಯದು ಮುಖಕ್ಕೆ. ಮೂರನೆಯದು ನನ್ನನ್ನು ಎತ್ತಿ ಮಗುಚಿ, ಮರಳಿನಲ್ಲಿ ಉಜ್ಜಿ, ದಡಕ್ಕೆ ಬಿಸಾಕಿತು. ಮೂಗಿನಲ್ಲಿ ಉಪ್ಪು, ಕಿವಿಯಲ್ಲಿ ಮರಳು. ಎದ್ದು ನೋಡಿದರೆ ಬಿಳಿ ಕೂದಲಿನ, ಕಪ್ಪು ಈಜುಡುಪಿನ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಎಲ್ಲಿ ಕಲಿತಿದ್ದು?"

ಬಾಯಿ ತುಂಬ ನೀರು.

"ಈಜುಕೊಳದಲ್ಲಿ ತಾನೇ?"

ತಲೆಯಾಡಿಸಿದೆ.

"ಅಲ್ಲಿ ಆ ಕಡೆ ಒಂದು ಗೋಡೆ ಇರುತ್ತೆ. ಇದಕ್ಕೆ ಆ ಕಡೆ ಗೋಡೆ ಎಲ್ಲಿದೆ, ತೋರಿಸು ನೋಡೋಣ?"

ಇವರು ಈ ಬೀದಿಯ ಹಲ್ಲಿನ ಡಾಕ್ಟರು, ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ. ಬಾಯಿ ತುಂಬಿದ್ದಾಗಲೇ ಪ್ರಶ್ನೆ ಕೇಳುವುದು ವೃತ್ತಿಯಿಂದ ಬಂದ ಚಟವಿರಬೇಕು. ದಿನಾ ಬೆಳಿಗ್ಗೆ ಕ್ಲಿನಿಕ್ಕು ತೆರೆಯುವ ಮುಂಚೆ ಈಜುತ್ತಾರಂತೆ. "ಕಲಿಸ್ತೀನಿ. ಆದರೆ ನಾನು ಹೂಂ ಅನ್ನೋವರೆಗೂ ಆ ಪೀಪಾಯಿ ಹೆಸರು ಎತ್ತಬಾರದು," ಎಂದರು. ಪೀಪಾಯಿಯ ವಿಷಯ ನಾನು ಬಾಯಿಬಿಟ್ಟೇ ಇರಲಿಲ್ಲ. ಹೇಗೆ ಗೊತ್ತಾಯಿತೋ!

ನವೆಂಬರ್ 6

ಸಂಜೆ ಐದಕ್ಕೆ ತಾರಸಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ. ನೋಡಿದೆ! ಹಡಗಿನ ತುದಿಯಲ್ಲಿ ಬಿಳಿಯದೊಂದು ಅಲ್ಲಾಡಿತು. ನಾನೂ ಒಂದು ಪರದೆ ಹಿಡಿದು ತೋಳು ಬಿದ್ದುಹೋಗುವಷ್ಟು ಬೀಸಿದೆ.

ರಾತ್ರಿ ಫೋನಿನಲ್ಲಿ ಕೇಳಿದೆ. "ಬಿಳಿ ಟವೆಲ್ ತಾನೇ ಬೀಸಿದ್ದು?"

"ನಾನಾ? ಐದಕ್ಕೆ ನಾನು ಕೆಳಗಡೆ ಎಂಜಿನ್ ರೂಮಲ್ಲಿದ್ದೆ ಕಣೇ," ಎಂದು ಬಿದ್ದು ಬಿದ್ದು ನಕ್ಕ.

ನಗಲಿ. ನಾನು ನೋಡಿದ್ದು ನೋಡಿದ್ದೇ.

ನವೆಂಬರ್ 9

ಇಷ್ಟು ದಿನ ಡಾಕ್ಟ್ರಮ್ಮ ನೀರಿಗೇ ಬಿಟ್ಟಿಲ್ಲ! ದಡದಲ್ಲಿ ನಿಲ್ಲಿಸಿ ಸಮುದ್ರ ನೋಡಿಸುತ್ತಾರೆ. "ಬಾಯಿ ತೆರೆಸಿ ನೋಡದೆ ಹಲ್ಲು ಕೀಳ್ತಾರಾ?" ಎನ್ನುತ್ತಾರೆ.

ಇವತ್ತು ಕೇಳಿದರು, "ಎಲ್ಲಿ ಇಳೀತೀಯ?" ನಾನು ಜಾಣೆಯ ಹಾಗೆ ತೋರಿಸಿದೆ. ಅಲೆಗಳು ಬೆಳ್ಳಗೆ ಒಡೆಯುತ್ತಿರುವ ಕಡೆ ಬೇಡ, ಅವುಗಳ ನಡುವೆ ನೀರು ಸುಮ್ಮನಿದೆಯಲ್ಲ, ನುಣ್ಣಗೆ ಕಪ್ಪಗೆ, ಅಲ್ಲಿ.

"ಭೇಷ್. ಮುಳುಗೋರೆಲ್ಲ ಅದನ್ನೇ ಆರಿಸಿಕೊಳ್ಳೋದು."

ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಬೇಕಲ್ಲ, ಅದು ಹೋಗುವ ದಾರಿಯಂತೆ ಅದು. ಮೇಲೆ ಸಾಧು, ಒಳಗೆ ಸೆಳೆತ. ಅದರಲ್ಲಿ ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು, ಎಂಥ ಗಟ್ಟಿಗರೂ ಸೋಲುತ್ತಾರೆ. ಮಲಗಿ ತೇಲಬೇಕು, ಉಸಿರು ಸರಿಯಾಗಬೇಕು, ಆಮೇಲೆ ಪಕ್ಕಕ್ಕೆ, ದಡದ ಉದ್ದಕ್ಕೆ ಈಜಿ, ಬೆಳ್ಳಗೆ ಒಡೆಯುವ ಅಲೆಗಳು ಸಿಕ್ಕ ಮೇಲೆ ಅವುಗಳ ಜೊತೆ ಒಳಗೆ ಬರಬೇಕು. ಮತ್ತೆ ಒಂದು ಮಾತು: "ಸಮುದ್ರದಲ್ಲಿ ಕೈ ಎತ್ತೋದು ಒಂದೇ ಕಾರಣಕ್ಕೆ. ಯಾರಾದ್ರೂ ಬನ್ನಿ ಅಂತ. ಟಾಟಾ ಮಾಡೋಕಲ್ಲ."

ನನ್ನ ನೀಲಿ ಉಡುಪನ್ನು ನೋಡಿ, "ಇದನ್ನ ಹಾಕಿಕೊಂಡು ಬಂದರೆ ನಿನ್ನನ್ನ ಹುಡುಕೋದು ಯಾರು? ನೀರಿನ ಬಣ್ಣವೇ ಬೇಕಾ?" ಎಂದರು. ಎಷ್ಟು ಆಸೆಪಟ್ಟು ತೆಗೆದುಕೊಂಡದ್ದು! ಮನೆಗೆ ಬಂದು ಅತ್ತೆಯ ಮುಂದೆ ಮುಖ ಊದಿಸಿಕೊಂಡು ಹೇಳಿದೆ. ಅತ್ತೆ ಮಷೀನು ತುಳಿಯುತ್ತಲೇ ಇದ್ದರು. ಸಂಜೆ ನನ್ನ ಮಂಚದ ಮೇಲೆ ಒಂದು ಟೋಪಿ, ಒಂದು ತುಂಬುತೋಳಿನ ಅಂಗಿ. ಯಾರದೋ ಹೋಟೆಲಿನ ಪರದೆಗೆಂದು ತಂದು ಉಳಿದ ಬಟ್ಟೆ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ! ಹಾಕಿಕೊಂಡು ಕನ್ನಡಿ ನೋಡಿದರೆ ಥೇಟ್ ರಸ್ತೆ ಅಗೆಯುವಾಗ ಇಡುತ್ತಾರಲ್ಲ, ಆ ಕೋನು.

ಅಳತೆ ಮಾತ್ರ ಸರಿಯಾಗಿತ್ತು. ಯಾವಾಗ ತೆಗೆದುಕೊಂಡರು?

ನವೆಂಬರ್ 13

ಇವತ್ತು ತೇಲಿದೆ! ಒಡೆಯುವ ಅಲೆಗಳಾಚೆ ಅಂಗಾತ ಮಲಗಿ ಆಕಾಶ ನೋಡುವಾಗ, ಇದೇ ನೀರು ಅವನ ಹಡಗಿನ ಹೊಟ್ಟೆಯನ್ನೂ ಮುಟ್ಟುತ್ತಿದೆ ಎನ್ನಿಸಿ ಮೈ ಜುಮ್ಮೆಂದಿತು.

"ಎಲ್ಲಿದ್ದೀಯ ಅಂತ ಹೇಗೆ ಗೊತ್ತಾಗುತ್ತೆ ನಿನಗೆ?" ಡಾಕ್ಟ್ರಮ್ಮ ಕೇಳಿದರು, ನನ್ನ ಬಾಯಿಗೆ ನೀರು ಹೋದ ಸಮಯ ನೋಡಿ.

ಉಗುಳಿ ಹೇಳಿದೆ. "ಹಡಗು ನೋಡ್ಕೊಳ್ತೀನಿ. ಅದು ನೇರಕ್ಕಿದ್ರೆ ನಾನು ಸರಿಯಾದ ಜಾಗದಲ್ಲಿದೀನಿ ಅಂತ."

"ಲಂಗರು ಹಾಕಿದ ಹಡಗು ನಿಂತಲ್ಲೇ ನಿಲ್ಲುತ್ತೆ ಅಂದ್ಕೊಂಡ್ಯಾ? ಗಾಳಿಗೆ ತಿರುಗುತ್ತೆ, ನೀರಿಗೆ ತಿರುಗುತ್ತೆ. ದಡ ನೋಡು. ಅಲುಗದೇ ಇರೋದನ್ನ ಎರಡು ಆರಿಸ್ಕೋ. ಒಂದು ಮುಂದೆ, ಒಂದು ಹಿಂದೆ. ಎರಡೂ ಒಂದೇ ಗೆರೇಲಿ ಕಂಡ್ರೆ ನೀನಿದ್ದಲ್ಲೇ ಇದೀಯ. ಬೇರೆ ಬೇರೆ ಆದ್ರೆ ನೀರು ನಿನ್ನನ್ನ ಒಯ್ತಿದೆ."

ಹಿಂದಿನದಕ್ಕೆ ಗುಡ್ಡದ ಮೇಲಿನ ನೀರಿನ ಟ್ಯಾಂಕು ಆರಿಸಿದೆ. ಮುಂದಿನದಕ್ಕೆ, ಅತ್ತೆಯ ಹಸಿರು ಛತ್ರಿ. ಎರಡು ದಿನದಿಂದ ಅತ್ತೆಯೂ ಬಂದು ಮರಳಿನಲ್ಲಿ ಕೂರುತ್ತಾರೆ, ಪರದೆಗಳಿಗೆ ಕೈಹೊಲಿಗೆ ಹಾಕುತ್ತ. "ಮನೇಲಿ ಕರೆಂಟಿಲ್ಲ, ಅದಕ್ಕೆ" ಎನ್ನುತ್ತಾರೆ. ಕರೆಂಟು ಇರುತ್ತದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಛತ್ರಿ ಎಲ್ಲೋ, ಟ್ಯಾಂಕು ಎಲ್ಲೋ! ಕೈಕಾಲು ಬಡಿದು, ನೀರು ಕುಡಿದು ದಡಕ್ಕೆ ಬಂದರೆ ಅತ್ತೆ ಆರಾಮವಾಗಿ ಕೂತಿದ್ದಾರೆ.

"ಬಿಸಿಲು ಮುಖಕ್ಕೆ ಬಂತು ನೋಡಮ್ಮ. ಸ್ವಲ್ಪ ಆ ಕಡೆ ಸರಿದೆ."

ಡಾಕ್ಟ್ರಮ್ಮ ನಕ್ಕು ಮರಳಿನಲ್ಲಿ ಕೂತೇಬಿಟ್ಟರು. ಅತ್ತೆಯ ತುಟಿಯೂ ಅಲುಗಿತು. ಇನ್ನು ಮುಂದೆ ದೋಣಿ ರಿಪೇರಿ ಶೆಡ್ಡಿನ ಮೂಲೆ ಮತ್ತು ಟ್ಯಾಂಕು. ಇವತ್ತು ಅತ್ತೆಗೆ ನೀರಿನಿಂದಲೇ ಕೈ ಬೀಸಿದೆ, ಬೇಕಂತಲೇ. ಡಾಕ್ಟ್ರಮ್ಮ ಬೈದರು. ಅತ್ತೆ ಬೀಸಲಿಲ್ಲ. ಸೂಜಿ ಹಿಡಿದ ಕೈ ಸ್ವಲ್ಪ ಮೇಲೆ ಬಂದು ಮತ್ತೆ ಬಟ್ಟೆಗೆ ಹೋಯಿತು.

ನವೆಂಬರ್ 17

ನಿದ್ದೆ ಬರುವುದಿಲ್ಲ ಇವತ್ತು, ಖಂಡಿತ ಬರುವುದಿಲ್ಲ! ಅವನಿಗೆ ಎಲ್ಲ ಹೇಳಿಬಿಟ್ಟೆ, ಪೀಪಾಯಿ, ಕಿತ್ತಳೆ ಟೋಪಿ, ಎಲ್ಲ. ಎಲ್ಲ ಕೇಳಿ ಹೇಳಿದ: "ಮೇಲಿನ ಅಧಿಕಾರಿ ಹತ್ರ ಬೈನಾಕ್ಯುಲರ್ ಇದೆ ಕಣೇ. ಬೇಡಿ ಇಸ್ಕೊಳ್ತೀನಿ. ಭಾನುವಾರ ಬೆಳಿಗ್ಗೆ ಏಳೂವರೆಗೆ ಪೀಪಾಯಿ ಹತ್ರ ಇರು. ಒಂದು ಸಲ ನೋಡಿಬಿಡ್ತೀನಿ ನಿನ್ನ."

ಒಂದು ಸಲ ನೋಡಿಬಿಡ್ತೀನಿ ನಿನ್ನ. ಇದನ್ನು ಇನ್ನೊಮ್ಮೆ ಬರೆಯಬೇಕೆನ್ನಿಸುತ್ತಿದೆ. ಒಂದು ಸಲ ನೋಡಿಬಿಡ್ತೀನಿ ನಿನ್ನ.

ನವೆಂಬರ್ 18

ಡಾಕ್ಟ್ರಮ್ಮ ಆಗುವುದಿಲ್ಲ ಎಂದರು. "ಭಾನುವಾರ ನಾನು ಊರಲ್ಲಿರಲ್ಲ. ಮುಂದಿನ ವಾರ ನೋಡೋಣ."

ಮುಂದಿನ ವಾರ! ಅವರಿಗೇನು ಗೊತ್ತು.

ನವೆಂಬರ್ 21, ಭಾನುವಾರ

ಕೂದಲಿನ ನೀರು ಪುಟದ ಮೇಲೆ ಬೀಳುತ್ತಿದೆ. ಅಕ್ಷರ ಹೇಗಿದ್ದರೂ ಇರಲಿ.

ಅತ್ತೆಗೆ, "ಡಾಕ್ಟ್ರಮ್ಮ ಹೂಂ ಅಂದಿದಾರೆ" ಎಂದೆ. ಅತ್ತೆ ಛತ್ರಿ, ಹೊಲಿಗೆ ಬುಟ್ಟಿ ಹಿಡಿದು ಜೊತೆಗೆ ಬಂದರು. ತಲೆ ಬಾಚಿಕೊಂಡಿದ್ದೆ, ಟೋಪಿಯೊಳಗೆ ಯಾರಿಗೆ ಕಾಣುತ್ತದೋ! ಸಮುದ್ರ ನೋಡಲಿಲ್ಲ. ಅಂದರೆ ನೋಡಿದೆ, ಆದರೆ ಹಡಗನ್ನು ನೋಡಿದೆ. ಅದರ ಮೂತಿ ಪೀಪಾಯಿಯ ನೇರಕ್ಕೆ ಇತ್ತು. ಅದನ್ನೇ ಹಿಡಿದು ಹೊರಟೆ.

ಎಷ್ಟು ಸಲೀಸು! ಒಂದೊಂದು ಕೈಗೂ ಎಷ್ಟೆಷ್ಟು ದೂರ! ಇವತ್ತು ನಾನು ಮೀನೇ ಸೈ, ನನ್ನವನು ನೋಡುತ್ತಿದ್ದಾನೆ, ಅದಕ್ಕೇ ಈ ಬಲ, ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಪೀಪಾಯಿ ಎಡಕ್ಕೆ ಸರಿಯುತ್ತಿತ್ತು. ಹಡಗು ಮಾತ್ರ ನೇರಕ್ಕೇ ಇದ್ದಂತಿತ್ತು, ಅದೂ ನನ್ನ ಜೊತೆ ತಿರುಗುತ್ತಿತ್ತೋ ಏನೋ. ಕೊನೆಗೆ ಹಿಂದಿರುಗಿ ನೋಡಿದೆ. ಟ್ಯಾಂಕು ಒಂದು ಕಡೆ, ಶೆಡ್ಡು ಇನ್ನೊಂದು ಕಡೆ, ನಡುವೆ ಇಡೀ ಬೀದಿ. ಅಲೆಗಳೆಲ್ಲ ನನ್ನ ಎರಡೂ ಪಕ್ಕದಲ್ಲಿ ಒಡೆಯುತ್ತಿದ್ದವು. ನನ್ನ ಸುತ್ತ ನೀರು ನುಣ್ಣಗೆ, ಕಪ್ಪಗೆ.

ದಡದ ಕಡೆ ಈಜಿದೆ. ಮಾಡಬಾರದೆಂದು ಹೇಳಿದ್ದನ್ನೇ ಮಾಡಿದೆ. ಹಸಿರು ಛತ್ರಿ ಒಂದಿಷ್ಟೂ ದೊಡ್ಡದಾಗಲಿಲ್ಲ. ತೋಳು ಕಲ್ಲಾಯಿತು. ಆಗ ಕೈ ಎತ್ತಿದೆ. ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು.

ಅತ್ತೆ ಎದ್ದು ನಿಂತರು. ಛತ್ರಿಯಿಂದ ಹೊರಗೆ ಬಂದರು. ಆಮೇಲೆ ನನಗೆ ಕೈ ಬೀಸಿದರು. ಒಂದು ಕೈಯಲ್ಲಲ್ಲ, ಎರಡೂ ಕೈಯಲ್ಲಿ! ಒಂದರಲ್ಲಿ ಅಳತೆ ಟೇಪು ಗಾಳಿಪಟದ ಬಾಲದ ಹಾಗೆ ಹಾರುತ್ತಿತ್ತು. ಮದುವೆಯಾಗಿ ಬಂದಂದಿನಿಂದ ನಾನು ಕಾಯುತ್ತಿದ್ದ ಖುಷಿ ಅದು. ಇನ್ನೊಮ್ಮೆ ಕೈ ಎತ್ತಿದೆ. ಇನ್ನೂ ಜೋರಾಗಿ ಬೀಸಿದರು.

ಯಾರೂ ಬರುವುದಿಲ್ಲ ಎಂದು ಆಗ ಗೊತ್ತಾಯಿತು.

ಮಲಗಿದೆ. ಆಕಾಶವಿತ್ತು. ನೀರು ಒಯ್ಯುವಷ್ಟು ಒಯ್ಯಲಿ ಎಂದು ಬಿಟ್ಟೆ, ಉಸಿರೊಂದನ್ನೇ ಹಿಡಿದುಕೊಂಡೆ. ಅಲೆಗಳಾಚೆ ಸೆಳೆತ ತಾನಾಗಿ ಸಡಿಲವಾಯಿತು. ಆಮೇಲೆ ಪಕ್ಕಕ್ಕೆ, ಶೆಡ್ಡಿನ ದಿಕ್ಕಿಗೆ, ಒಂದೊಂದೇ ಕೈ. ಬೆಳ್ಳಗೆ ಒಡೆಯುವ ಅಲೆ ಸಿಕ್ಕಿತು. ಅದೇ ಮೊದಲ ದಿನದ ಹಾಗೆ ನನ್ನನ್ನು ಎತ್ತಿ ಮಗುಚಿ ಮರಳಿಗೆ ಬಿಸಾಕಿತು. ಅಷ್ಟು ಪ್ರೀತಿ ಯಾವ ಅಲೆಯ ಮೇಲೂ ಬಂದಿರಲಿಲ್ಲ.

ಅತ್ತೆ ಮರಳಿನಲ್ಲಿ ಓಡಿ ಬಂದರು, ಬರಿಗಾಲು. "ಎಷ್ಟು ದೂರ ಹೋಗಿದ್ದೆ ನೋಡಮ್ಮ! ಟೋಪಿ ಎಷ್ಟು ಚೆನ್ನಾಗಿ ಕಾಣ್ತಿತ್ತು!" ಎನ್ನುತ್ತ ಬಂದವರು ನನ್ನ ಮುಖ ನೋಡಿ ನಿಂತರು. ಹೇಳಿದೆ. ಡಾಕ್ಟ್ರಮ್ಮ ಹೂಂ ಅಂದಿರಲಿಲ್ಲ ಎನ್ನುವುದನ್ನೂ.

ಅತ್ತೆ ಬೈಯಲಿಲ್ಲ. ಮರಳಿನಲ್ಲಿ ನನ್ನ ಪಕ್ಕ ಕುಸಿದು ಕೂತರು. "ನಾನು ಟಾಟಾ ಮಾಡಿದೆ ಕಣೇ," ಎಂದರು. "ನೀನು ಕರೀತಿದ್ದೆ. ನಾನು ಟಾಟಾ ಮಾಡಿದೆ." ಅದನ್ನೇ ಮತ್ತೆ ಮತ್ತೆ ಹೇಳಿದರು. ನನ್ನ ಕಿತ್ತಳೆ ತೋಳನ್ನು ಹಿಂಡಿ ಹಿಂಡಿ ನೀರು ತೆಗೆದರು, ನಾನಿನ್ನೂ ಅದರೊಳಗೇ ಇದ್ದೆ.

ನವೆಂಬರ್ 22

ಅವನ ಫೋನು. "ಸಾರಿ ಕಣೇ, ನಿನ್ನೆ ಬೆಳಿಗ್ಗೆ ಪಂಪ್ ಕೆಟ್ಟಿತ್ತು. ಮೇಲೆ ಬರೋಕೇ ಆಗ್ಲಿಲ್ಲ. ಹೋಗಿದ್ದೆಯಾ?"

"ಸ್ವಲ್ಪ ದೂರ," ಎಂದೆ.

ನವೆಂಬರ್ 26

ಡಾಕ್ಟ್ರಮ್ಮ ಬೈದ ಬೈಗುಳ ಬರೆದರೆ ಈ ಪುಸ್ತಕ ಸಾಲದು. ಬೈದ ಮೇಲೆ, "ನಾಳೆ ಬಾ," ಎಂದರು. ಮರುದಿನ ನೀರಿಗೆ ಕಾಲಿಡಲು ಹೆದರಿಕೆಯಾಗಿತ್ತು. ಅತ್ತೆ ತಮ್ಮ ಚಪ್ಪಲಿ ಬಿಟ್ಟು, ನನ್ನ ಕೈ ಹಿಡಿದು, ಮೊಣಕಾಲು ಮುಳುಗುವವರೆಗೆ ಬಂದರು. ಈ ಊರಲ್ಲಿ ಇಷ್ಟು ವರ್ಷವಿದ್ದೂ ಪಾದ ಮುಳುಗುವುದಕ್ಕಿಂತ ಹೆಚ್ಚು ಇಳಿದವರಲ್ಲವಂತೆ. "ಸಾಕು ಕಣೇ, ಇನ್ನು ಮುಂದಕ್ಕೆ ನೀನೇ ಹೋಗು. ನನಗೆ ತಲೆ ತಿರುಗ್ತಿದೆ."

ನಿನ್ನೆ ಒಂದು ದೊಡ್ಡ ಮನೆಗೆ ಕಿಟಕಿ ಅಳೆಯಲು ಇಬ್ಬರೂ ಹೋಗಿದ್ದೆವು. ಮೂರನೇ ಮಹಡಿ, ಗೋಡೆಗೆ ಗೋಡೆ ಸಮುದ್ರ. ನಾನು ಟೇಪಿನ ತುದಿ ಹಿಡಿದು ಹೊರಗೆ ನೋಡುತ್ತಲೇ ಹೇಳಿದೆನಂತೆ, "ಶೆಡ್ಡಿನ ಬಲಕ್ಕೆ ಸೆಳೆತವಿದೆ ಇವತ್ತು." ಅತ್ತೆ ಕೇಳಿದರು, "ಹಡಗು ಕಾಣ್ತಾ?" ಆಗ ಹುಡುಕಿ ನೋಡಿದೆ. ಇತ್ತು.

ಸಂಜೆಗಳಲ್ಲಿ ಮಾತ್ರ ತಡೆಯಲಾಗುವುದಿಲ್ಲ. ಅವನ ಅಂಗಿಯೊಂದು ಬಾಗಿಲ ಹಿಂದೆ ನೇತಾಡುತ್ತದೆ. ಒಗೆಯಲು ಕೊಟ್ಟಿಲ್ಲ. ಅತ್ತೆಯೂ ಕೇಳಿಲ್ಲ.

ಡಿಸೆಂಬರ್ 1

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಸಮುದ್ರ ನೋಡಿ ಬಹಳ ಹೊತ್ತು ನಿಂತೆವು. "ಎಲ್ಲಿ ಇಳೀತೀಯ?" ತೋರಿಸಿದೆ. "ಎಲ್ಲಿ ಬರ್ತೀಯ?" ತೋರಿಸಿದೆ. ಡಾಕ್ಟ್ರಮ್ಮ, "ಹೂಂ," ಎಂದರು.

ಅಷ್ಟೇ! ಆ ಒಂದು ಹೂಂಗೆ ನಾನು ಕಿರುಚಿ ಕುಣಿದು ಅವರನ್ನು ತಬ್ಬಿಕೊಂಡಿದ್ದಕ್ಕೆ, "ಬಿಡೇ, ಹಲ್ಲು ಸೆಟ್ಟು ಬಿದ್ದೀತು," ಎಂದರು. ಅವರದೂ ಕಟ್ಟಿಸಿಕೊಂಡ ಹಲ್ಲು!

ಇಬ್ಬರೂ ಹೋದೆವು. ಅವರು ಮುಂದೆ, ನಾನು ಹಿಂದೆ. ನಿಧಾನವಾಗಿ, ಆಗಾಗ ತಿರುಗಿ ಟ್ಯಾಂಕು ಶೆಡ್ಡು ಸೇರಿಸಿಕೊಳ್ಳುತ್ತ. ನೀರು ತಣ್ಣಗಾಯಿತು, ದಡದ ಸದ್ದು ನಿಂತಿತು. ಆಮೇಲೆ ನನ್ನ ಅಂಗೈಗೆ ಒರಟಾದದ್ದು ತಾಗಿತು. ಪಾಚಿ, ತುಕ್ಕು, ಸಿಪ್ಪೆ ಎದ್ದ ಹಳದಿ ಬಣ್ಣ. ಹತ್ತಿರದಿಂದ ಎಷ್ಟು ಕುರೂಪಿ ಪೀಪಾಯಿ! ಎರಡೂ ತೋಳಿನಿಂದ ಅಪ್ಪಿಕೊಂಡೆ.

ಹಡಗು ನೋಡಿದೆ. ಮೂತಿ ನಿಧಾನವಾಗಿ ತಿರುಗುತ್ತಿತ್ತು. ಗಾಳಿಗೆ ತಿರುಗುತ್ತಿದೆ ಅಂದುಕೊಂಡೆ, ತಿರುಗುತ್ತದೆ ಎಂದು ಕಲಿತಿದ್ದೆನಲ್ಲ. ಆಮೇಲೆ ಅದಕ್ಕೆ ಬೆನ್ನು ಹಾಕಿ ದಡ ನೋಡಿದೆ. ಟ್ಯಾಂಕಿನ ಕೆಳಗೆ ಶೆಡ್ಡಿನ ಮೂಲೆ, ಕಡ್ಡಿ ಗೀರಿದ ಹಾಗೆ ನೇರ. ಅದರ ಪಕ್ಕದಲ್ಲಿ ಹಸಿರು ಛತ್ರಿ, ಛತ್ರಿಯ ಹೊರಗೆ ಅತ್ತೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಭಾನುವಾರದಿಂದ ನಾನು ನೀರಿನಲ್ಲಿರುವಷ್ಟು ಹೊತ್ತೂ ಹಾಗೇ ನಿಲ್ಲುತ್ತಾರೆ, ಕೈ ತಪ್ಪಿಯೂ ಮೇಲೆ ಬರಬಾರದೆಂದು. ಅವರ ಹಿಂದೆ ಬೀದಿ, ನಮ್ಮ ತಾರಸಿ, ನಾನೇ ಬೆಳಿಗ್ಗೆ ಹರವಿದ ಪರದೆಗಳು. ಅಷ್ಟು ದೂರದಿಂದ ಒಮ್ಮೆಯೂ ನೋಡಿರಲಿಲ್ಲ ಅದನ್ನೆಲ್ಲ. ನೋಡುತ್ತಲೇ ಇದ್ದೆ.

"ಹೊರಡೋಣವಾ, ಇಲ್ಲೇ ಮನೆ ಮಾಡ್ತೀಯಾ?" ಎಂದರು ಡಾಕ್ಟ್ರಮ್ಮ. ಬಾಯಲ್ಲಿ ನೀರಿರಲಿಲ್ಲ. ಆದರೂ ಉತ್ತರದ ಬದಲು ಪೀಪಾಯಿ ಬಿಟ್ಟು ದಡದ ಕಡೆ ಕೈ ಹಾಕಿದೆ.

ದಡಕ್ಕೆ ಬಂದಾಗ ಅತ್ತೆಯ ಬುಟ್ಟಿಯಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಒದ್ದೆ ಕೈಯಲ್ಲೇ ಹಿಡಿದೆ. ಗಾಳಿ, ಗರಗರ, ಅವನ ದನಿ.

"ಕೇಳ್ತಿದೆಯಾ? ಬೇರೆ ಬಂದರಿಗೆ ಹೋಗಿ ಅಂತ ಅಪ್ಪಣೆ ಬಂತು ಕಣೇ. ಬೆಳಿಗ್ಗೆನೇ ಲಂಗರು ಎತ್ತಿದ್ವಿ. ಇಲ್ಲಿ ಧಕ್ಕೆ ಸಿಗಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಗುತ್ತೆ..."

ತಿರುಗಿ ನೋಡಿದೆ. ಬೆಂಕಿಪೊಟ್ಟಣ ಅಂಚಿನಲ್ಲಿ ಓರೆಯಾಗಿ, ಅರ್ಧದಷ್ಟಾಗಿ ಹೋಗುತ್ತಿತ್ತು.

"ಆದರೆ ಕೇಳು, ಕೇಳು! ಬೈನಾಕ್ಯುಲರ್ ಸಿಕ್ಕಿತ್ತು. ನೋಡಿದೆ ನಿನ್ನ! ಪೀಪಾಯಿ ಹತ್ರ ಕಿತ್ತಳೆ ಚುಕ್ಕೆ! ನೀನು ಕೈ ಬೀಸಿದೆಯಲ್ಲ, ಎಷ್ಟು ಜೋರಾಗಿ ಬೀಸಿದೆ! ನಾನೂ ಬೀಸಿದೆ, ಕಾಣ್ತಾ?"

ನನ್ನ ಎರಡೂ ಕೈ ಪೀಪಾಯಿಯ ಮೇಲಿದ್ದವು. ನಾನು ದಡದ ಕಡೆ ನೋಡುತ್ತಿದ್ದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತ ಒಣ ಟವೆಲು ಹಿಡಿದು ನಿಂತಿದ್ದರು.

"ಕಾಣ್ತು ಕಣೋ," ಎಂದೆ, ಅವರೆದುರೇ.